ತಿರುವಿಗೆ ಚೆಲ್ಲಿದ ಬೂದಿ

ಉತ್ತರದ ಹಿಮನಾಡಿನ ಲೇನಾ ನದಿಯ ದಂಡೆಯಲ್ಲಿ ಹಸು ಸಾಕಿ ಬದುಕುವ ಸಖಾ ಜನ ನದಿಯನ್ನು ಹೆಸರು ಹಿಡಿದು ಕರೆಯುವುದಿಲ್ಲ, ‘ಅಜ್ಜಿ’ ಎನ್ನುತ್ತಾರೆ. ಅವರಲ್ಲೊಬ್ಬಳಾದ ಮಾರ್ಪಾಳಿಗೆ ಆ ಅಜ್ಜಿಯ ಮೇಲೂ ನಂಬಿಕೆಯಿರಲಿಲ್ಲ. ನದಿ ತಿರುಗುವ ಮೂಲೆಯಲ್ಲೇ ಅವಳ ಮನೆ. ಗಂಡ ಬದುಕಿದ್ದಾಗ ಒಂದು ವಸಂತದಲ್ಲಿ ಅಲ್ಲಿ ಮಂಜುಗಡ್ಡೆ ಅಡ್ಡಗಟ್ಟಿ, ಉಕ್ಕಿದ ನೀರು ಕೊಟ್ಟಿಗೆಯನ್ನು ಹಸುಗಳ ಸಮೇತ ಎತ್ತಿಕೊಂಡು ಹೋಗಿತ್ತು. ಈಗ ಗಂಡನೂ ಇಲ್ಲ. ಅಂಗಡಿಯ ಹಿಟ್ಟನ್ನು ಮೂಸದೆ ತರುವವಳಲ್ಲ. ಯಾರಾದರೂ ಹೊಗಳಿದರೆ ಅವರ ಮುಖವನ್ನು ಇನ್ನೊಮ್ಮೆ ನೋಡುವಳು.

ಆ ವರ್ಷ ಚಳಿ ಶುರುವಾದಾಗ ಗಂಜಿಯಂಥ ಮಂಜಿನ ಚೂರು ನದಿಯಲ್ಲಿ ತೇಲಿಬಂದು, ತಿರುವಿನಲ್ಲಿ ವೇಗ ಕಳೆದುಕೊಂಡು, ಆಗಲೇ ಹೆಪ್ಪುಗಟ್ಟಿದ್ದ ಗಡ್ಡೆಯ ಅಡಿಗೆ ನುಗ್ಗುವುದನ್ನು ಅವಳು ಕಂಡಿದ್ದಳು. ಏಪ್ರಿಲ್‌ನಲ್ಲಿ ಮೀನಿಗೆಂದು ತೂತು ಕೊರೆದರೆ ನೀರೇ ಸಿಗಲಿಲ್ಲ. ಎಷ್ಟು ಆಳಕ್ಕೆ ಚುಚ್ಚಿದರೂ ಅದೇ ಗಂಜಿ. ಈ ವಸಂತದಲ್ಲೂ ತಿರುವು ಕಟ್ಟಿಕೊಳ್ಳುವ ಲಕ್ಷಣ ಅದು.

ಅದೇ ವಾರ, ತಿರುವಿಗಿಂತ ಮೇಲೆ, ನದಿ ಹರಿದುಬರುವ ಕಡೆ ಒಬ್ಬನೇ ಇರುವ ದ್ಯೋಗೂರ್ ಅವಳ ಬಾಗಿಲಿಗೆ ಬಂದ.

“ಮಾರ್ಪಾ, ನಿನ್ನ ಒಲೆ ಬೂದಿ ಇದ್ರೆ ಕೊಡ್ತೀಯಾ?”

“ಬೂದಿ ಯಾಕೆ?”

“ಹಿತ್ತಲಿಗೆ.”

“ಮೊಣಕಾಲುದ್ದ ಹಿಮ ಬಿದ್ದಿರೋ ಹಿತ್ತಲಿಗಾ?”

ಅವನು ಟೋಪಿ ಸರಿಮಾಡಿಕೊಂಡ. ಮಾರ್ಪಾ ಬೂದಿ ತುಂಬಿಕೊಟ್ಟಳು. ಅವನ ಜಾರುಬಂಡಿ ಮರೆಯಾದದ್ದೇ ತಡ, ಕೋಟು ಹಾಕಿಕೊಂಡು ಅದರ ಜಾಡು ಹಿಡಿದಳು.

ದ್ಯೋಗೂರ್ ತನ್ನ ಮನೆಯ ಮುಂದೆ ನದಿಯ ಗಡ್ಡೆಯ ಮೇಲೆ ಬೂದಿ ಚೆಲ್ಲುತ್ತಿದ್ದ. ಬೆಳ್ಳಗಿನ ನದಿಯಲ್ಲಿ ಕಪ್ಪು ದಾರಿಯೊಂದು ಮೂಡಿತ್ತು.

“ಹಿತ್ತಲು ಇಲ್ಲಿಗೆ ಬಂತಾ?”

ಅವನು ಬೆಚ್ಚಿಬಿದ್ದ. “ಕಪ್ಪಗಾದ್ರೆ ಬಿಸಿಲಿಗೆ ಬೇಗ ಕರಗುತ್ತೆ. ನನ್ನ ಮನೆ ಮುಂದಿನ ಗಡ್ಡೆ ಮೊದ್ಲೇ ಹೊರಟ್ಹೋಗ್ಲಿ ಅಂತ.”

“ಹೋಗಿ ಎಲ್ಲಿ ಕೂತ್ಕೊಳುತ್ತೆ? ನನ್ನ ತಲೆ ಮೇಲೆ!”

“ಅದನ್ನ ಯೋಚಿಸ್ಲಿಲ್ಲ, ಮಾರಾಯ್ತಿ.”

“ಯೋಚಿಸಿದ್ದಕ್ಕೇ ನೀನು ಹಿತ್ತಲು ಅಂತ ಸುಳ್ಳು ಹೇಳಿದ್ದು. ತಿರುವು ಕಟ್ಕೊಂಡ್ರೆ ನೀರು ಹಿಂದಕ್ಕೆ ತಿರುಗಿ ನಿನ್ನ ಹೊಸ್ತಿಲಿಗೇ ಬರೋದು, ಪೆದ್ದ!”

ಮರುದಿನ ಅವನು ಬೂದಿ ಚೀಲ ಹೊತ್ತು ತಿರುವಿಗೇ ಬಂದ. ಮಾರ್ಪಾ ಅವನೊಬ್ಬನನ್ನೇ ಬಿಡಲಿಲ್ಲ. ಚೀಲದಲ್ಲಿ ಕೈಯಾಡಿಸಿ ನೋಡಿ, ಪಕ್ಕದಲ್ಲೇ ನಡೆದಳು. ಊರವರ ಒಲೆಗಳ ಬೂದಿಯನ್ನೆಲ್ಲ ತಿರುವಿನ ಗಡ್ಡೆಯೇ ಮೊದಲು ಕರಗಲೆಂದು ಇಬ್ಬರೂ ಸೇರಿ ಅಲ್ಲಿ ಚೆಲ್ಲಿದರು.

ಮೇ ತಿಂಗಳಲ್ಲಿ ನದಿ ಒಡೆಯುವ ಸದ್ದು ಕೇಳಿದೊಡನೆ ಅವಳು ಹಸುಗಳನ್ನು ಗುಡ್ಡಕ್ಕೆ ಹತ್ತಿಸಿದಳು. ಹಿಂದೆಯೇ ದ್ಯೋಗೂರನೂ ತನ್ನ ಹಸುಗಳೊಂದಿಗೆ ಏದುಸಿರು ಬಿಡುತ್ತ ಬಂದ.

“ಯಾಕೆ, ಬೂದಿ ಮೇಲೆ ನಂಬಿಕೆ ಇಲ್ವಾ?”

“ನೀನು ಹತ್ತಿದ್ದು ನೋಡಿ ಹೆದರಿಕೆ ಆಯ್ತು.”

ಕೆಳಗೆ ತಿರುವಿನಲ್ಲಿ ಗಡ್ಡೆಗಳು ಒಂದರ ಮೇಲೊಂದು ಹತ್ತಿ ನರಳುತ್ತಿದ್ದವು. ನೀರು ದ್ಯೋಗೂರನ ಬೇಲಿಯನ್ನು ಕಿತ್ತಿತು, ಮಾರ್ಪಾಳ ಕೊಟ್ಟಿಗೆಯ ಗೋಡೆಗೆ ತಾಗಿತು. ಸಂಜೆಯ ಹೊತ್ತಿಗೆ ಬೂದಿ ಬಿದ್ದಿದ್ದ ಕಡೆ ದೊಡ್ಡ ಸದ್ದಾಗಿ ಗಡ್ಡೆ ಬಾಯಿ ಬಿಟ್ಟಿತು. ಗಡ್ಡೆಗಳು ನೂಕಾಡುತ್ತ ಹೊರಟವು. ಮಾರ್ಪಾ ಮಾತ್ರ ಆ ರಾತ್ರಿಯೂ ಗುಡ್ಡ ಇಳಿಯಲಿಲ್ಲ.

ಬೇಸಿಗೆ ಕಳೆದು ಹುಲ್ಲು ಕೊಯ್ದಾದ ಮೇಲೆ ದ್ಯೋಗೂರ್ ಮತ್ತೆ ಅವಳ ಬಾಗಿಲಲ್ಲಿ ನಿಂತ.

“ಇಬ್ರೂ ಒಂದೇ ಮನೇಲಿ ಇರೋಣ್ವಾ?”

“ಯಾಕೆ? ನನ್ನ ಹುಲ್ಲುಗಾವಲು ಬೇಕಾ?”

“ಬೇಕು. ನೀನೂ ಬೇಕು.”

ಆ ಉತ್ತರದಲ್ಲಿ ಸುಳ್ಳಿಗಾಗಿ ಅವಳು ಬಹಳ ಹೊತ್ತು ಹುಡುಕಿದಳು. ಸಿಗಲಿಲ್ಲ. ಮೊದಲ ಹಿಮ ಬೀಳುವ ಮುಂಚೆ ಅವನು ಹಸುಗಳನ್ನು ಹೊಡೆದುಕೊಂಡು ಬಂದ. ಒಳಗೆ ಬಿಡುವ ಮೊದಲು ಮಾರ್ಪಾ ಒಂದೊಂದರ ಬಾಯಿ ತೆರೆಸಿ ಹಲ್ಲು ನೋಡಿದಳು.