ಗೆರ್‌ನ ಒಲೆಗೆ ಬಿದ್ದ ಮೆಣಸಿನಕಾಯಿ

ಯೂನಿಯನ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೆಂಕಿಯೇ ಇಲ್ಲ. ಇರುವುದು ಕರೆಂಟಿನ ಒಲೆ. ಒಗ್ಗರಣೆ ತುಸು ಜೋರಾದರೂ ಸ್ಮೋಕ್ ಅಲಾರಮ್ಮು ಬಾಯಿ ಬಡಿದುಕೊಳ್ಳುತ್ತದೆ. ಹುಬ್ಬಳ್ಳಿಯಿಂದ ಬಂದಿದ್ದ ನನ್ನವ್ವನಿಗೆ ಅದೇ ಕೊರಗು. "ಮೊಮ್ಮಗಳಿಗೆ ಒಂದ್ ದೃಷ್ಟಿ ತಗ್ಯಾಕೂ ಬರಂಗಿಲ್ಲಂದ್ರ ಇದೆಂಥಾ ಮನಿ!"

ಅಂಥವಳನ್ನು ಓಕ್ಲ್ಯಾಂಡಿಗೆ ಕರೆದುಕೊಂಡು ಹೋದೆ. ಮಗಳ ಡೇಕೇರಿನ ಮಂಗೋಲಿಯನ್ ಟೀಚರು ಇಲ್ಲಿ ನನಗಿರುವ ಒಬ್ಬಳೇ ಗೆಳತಿ. ಅಂದು ಅವಳ ಮಗನಿಗೆ ಮೊದಲ ಸಲ ಕೂದಲು ತೆಗೆಯುವ ಶಾಸ್ತ್ರ, ನಮ್ಮ ಜವಳದ ಹಾಗೆ. ಬಾಡಿಗೆ ಮನೆಯ ಹಿತ್ತಲಲ್ಲಿ ಅವಳ ತಾಯಿ ಊರಿಂದ ತರಿಸಿದ ಗೆರ್ ನಿಂತಿತ್ತು: ದಪ್ಪ ಉಣ್ಣೆ ಹೊದ್ದ ದುಂಡು ಮನೆ, ದಕ್ಷಿಣಕ್ಕೆ ಬಾಗಿಲು, ನಟ್ಟನಡುವೆ ಕಬ್ಬಿಣದ ಒಲೆ. ಆ ತಾಯಿ ಮಲಗುವುದೂ ಅಡುಗೆ ಮಾಡುವುದೂ ಅದರಲ್ಲೇ. ಅದಿಲ್ಲದಿದ್ದರೆ ಅಮ್ಮ ಯಾವತ್ತೋ ವಾಪಸ್ ಹೋಗಿರುತ್ತಿದ್ದಳು ಎಂದು ಗೆಳತಿ ಹೇಳಿದ್ದಳು.

ಹೊಸ್ತಿಲು ತುಳಿಯಬೇಡಿ ಎಂದು ಗೆಳತಿ ಸನ್ನೆ ಮಾಡಿದ್ದೇ ತಡ, ಅವ್ವ ಅರಳಿಬಿಟ್ಟಳು. "ಅಯ್ಯ, ಇವರು ನಮ್ಮ ಪೈಕೀನs ನೋಡವಾ!" ಒಳಗೆ ಧಗಧಗ ಉರಿಯುವ ಬೆಂಕಿ ಕಂಡಾಗಂತೂ ಅವಳ ಮುಖ ನೋಡಬೇಕಿತ್ತು.

ಬಂದವರೆಲ್ಲ ಒಂದೊಂದು ಎಳೆ ಕತ್ತರಿಸಿ, ಮಗುವನ್ನು ಹೊಗಳಿ ಮುದ್ದಾಡಿದರು. ಮಗು ರಚ್ಚೆ ಹಿಡಿಯಿತು. ಅವ್ವನಿಗೆ ಅಷ್ಟು ಸಾಕಾಯಿತು. ಪರ್ಸಿನಿಂದ ಉಪ್ಪು, ಒಣಮೆಣಸಿನಕಾಯಿ ತೆಗೆದಳು. ಹಂಚಿಕೆ ಹಾಕಿಕೊಂಡೇ ಬಂದಿದ್ದಳು, ಮಹರಾಯಿತಿ! ನಾನು "ಅವ್ವಾ, ಬ್ಯಾಡ" ಎನ್ನುವಷ್ಟರಲ್ಲಿ ಮಗುವಿಗೆ ನಿವಾಳಿಸಿ ಒಲೆಗೆ ಎಸೆದಾಗಿತ್ತು.

ಘಾಟು ಬಂದರೆ ದೃಷ್ಟಿ ತಾಗಿಲ್ಲವೆಂದು ನಮ್ಮ ಲೆಕ್ಕ. ಅಂದು ಬಂದ ಘಾಟಿಗೆ ಇಡೀ ಓಣಿಯೇ ಕೆಮ್ಮಿತು. ಆದರೆ ಗೆಳತಿಯ ತಾಯಿ ಕೆಮ್ಮುವುದನ್ನೂ ಬಿಟ್ಟು ಒಲೆಯನ್ನೇ ನೋಡುತ್ತ ಕೂತಿದ್ದಳು. ಅವರಲ್ಲಿ ಮನೆಯ ಜೀವ ಒಲೆಯಲ್ಲಿರುತ್ತದಂತೆ. ಅದಕ್ಕೆ ಬೆಣ್ಣೆ ಹಾಕಬಹುದು, ಹೊಲಸು ಹಾಕಬಾರದು. ಗೆಳತಿ ಹೊರಗೆ ನಿಂತು ಇದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಕಾರಿನಲ್ಲಿ ಅವ್ವನ ಮೇಲೆ ಹರಿಹಾಯ್ದೆ. "ಕೂಸು ಚಂದಿರಲಿ ಅಂತ ಮಾಡೀನಿ. ನಾ ತಗದದ್ದು ಹೊಲಸೇನು?" ಎಂದಳು. ಮರುದಿನ ತಾನಾಗಿಯೇ ಬೆಣ್ಣೆ ಕಾಯಿಸಿದಳು. "ಬೆಂಕೀಗೆ ತುಪ್ಪಾ ಹಾಕಿ ತಪ್ಪಾತು ಅಂತೀನಿ. ಕರಕೊಂಡು ಹೋಗು."

ಮುಂದಿನ ಭಾನುವಾರ ಹೋದೆವು. ಹಿತ್ತಲಲ್ಲಿ ಗೆರ್ ಇರಲಿಲ್ಲ. ಹುಲ್ಲು ದುಂಡಗೆ ಬಿಳಿಚಿಕೊಂಡಿತ್ತು. ಪಕ್ಕದವರು ಘಾಟಿನ ದೂರು ಹೇಳಿದ್ದರು. ಅಲ್ಲಿಯವರೆಗೆ ಕಂಡೂ ಕಾಣದಂತಿದ್ದ ಮನೆ ಮಾಲೀಕ, ಹಿತ್ತಲಲ್ಲಿ ಬೆಂಕಿ ಹಾಕುವ ಹಾಗಿಲ್ಲ ಅಂದಿದ್ದ. ಒಲೆಯಿಲ್ಲದ ಗೆರ್ ಮನೆಯಲ್ಲ ಎಂದು ತಾಯಿ ಅದನ್ನು ಬಿಚ್ಚಿಸಿದ್ದಳು. ಊರಿಗೆ ಟಿಕೆಟ್ಟೂ ಆಗಿತ್ತು. "ನಿಮ್ಮಮ್ಮನ ಮೇಲೆ ನನಗೆ ಸಿಟ್ಟಿಲ್ಲ" ಅಂದಳು ಗೆಳತಿ. ನನಗೆ ನಂಬಿಕೆ ಬರಲಿಲ್ಲ.

ತಾಯಿ ಅಡುಗೆಮನೆಯಲ್ಲಿದ್ದಳು. ಅವ್ವ ಹೊಸ್ತಿಲು ತುಳಿಯದೆ ದಾಟಿ ಒಳಗೆ ಹೋದಳು. ತುಪ್ಪದ ಬಾಟಲಿ ಹಿಡಿದು ಬೆಂಕಿಗಾಗಿ ಸುತ್ತ ಹುಡುಕಿದಳು. ಅಲ್ಲಿಯೂ ನಮ್ಮಲ್ಲಿರುವಂಥದೇ ಕರೆಂಟಿನ ಒಲೆ.

"ಎಲ್ಲಿ ಹಾಕ್ಲಿ ಇದನ್ನ?" ಎಂದಳು ಅವ್ವ, ಆ ತಾಯಿಯನ್ನೇ ನೋಡುತ್ತ.

ಕನ್ನಡ ಬಾರದ ಆಕೆಗೂ ಅರ್ಥವಾಯಿತು. ಆ ಒಲೆಯ ಕಡೆ ಒಮ್ಮೆ ನೋಡಿ, ಇಲ್ಲವೆಂಬಂತೆ ತಲೆಯಾಡಿಸಿದಳು.