ಗಚ್ಚಿಬೌಲಿಯಲ್ಲಿ ನಾನು ಬೆರೆಸಿದ ಉಪ್ಪು

ಸೋಮವಾರ ರಾಯಚೂರಿನಿಂದ ಬೆಳಗಿನ ಆರರ ಬಸ್ಸು ಹಿಡಿದೆ. ಶಕ್ತಿನಗರದ ಸೇತುವೆ ದಾಟುವಾಗ ಕೃಷ್ಣೆಯಲ್ಲಿ ನೀರಿಗಿಂತ ಬಂಡೆಗಳೇ ಹೆಚ್ಚು ಕಂಡವು. ಮಹಬೂಬನಗರದಲ್ಲಿ ಇಡ್ಲಿ ತಿಂದು, ಹೈದರಾಬಾದ್ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಅಲ್ಲಿಂದ ಗಚ್ಚಿಬೌಲಿಗೆ ನಲವತ್ತು ರೂಪಾಯಿ ಕೊಟ್ಟು ಸಿಟಿ ಬಸ್ಸಿನಲ್ಲಿ ಒಂದೂವರೆ ತಾಸು ನಿಂತೇ ಹೋದೆ. ಅಕ್ಕಪಕ್ಕದ ಹುಡುಗರ ಕೊರಳಲ್ಲೆಲ್ಲ ಕಂಪನಿಯ ಕಾರ್ಡು, ನನ್ನ ಕೈಯಲ್ಲಿ ಹೆಂಡತಿ ಕಟ್ಟಿಕೊಟ್ಟ ರೊಟ್ಟಿಯ ಗಂಟು.

ಇಪ್ಪತ್ತೆರಡು ವರ್ಷದಿಂದ ಡಿಗ್ರಿ ಕಾಲೇಜಿನಲ್ಲಿ ರಾಟೆಯ ಲೆಕ್ಕ ಹೇಳಿಕೊಡುತ್ತಿರುವ ನನ್ನನ್ನು ಕರೆಸಿದವನು ಹಳೆಯ ಸಹಪಾಠಿ ವೆಂಕಟ. ಸಂಶೋಧನಾ ವಿದ್ಯಾರ್ಥಿಗಳಿಗೆ ಕಪ್ಪು ದ್ರವ್ಯ ಹುಡುಕುವುದನ್ನು ಅವನು ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಕಲಿಸುತ್ತಾನೆ. ಗೆಲಾಕ್ಸಿಗಳು ಚೆದುರದಂತೆ ಹಿಡಿದಿಟ್ಟಿದೆ ಎನ್ನುವ, ಇದುವರೆಗೆ ಯಾರ ಕೈಗೂ ಸಿಗದ ವಸ್ತು ಅದು. ನೆಲಮಾಳಿಗೆಯಲ್ಲಿ ಸೀಸದ ಇಟ್ಟಿಗೆಗಳ ಗೂಡೊಳಗೆ, ಕೊರೆಯುವ ಚಳಿಯಲ್ಲಿ ಒಂದು ಹರಳು. ಆ ದ್ರವ್ಯದ ಕಣ ಬಂದು ತಾಗಿದರೆ ಪರದೆಯ ಮೇಲೆ ಸಣ್ಣದೊಂದು ಏರು ಮೂಡಬೇಕು. ನಾನೂ ವೆಂಕಟನೂ ಒಟ್ಟಿಗೇ ಈ ದಾರಿ ಹಿಡಿದವರು. ಅಪ್ಪ ತೀರಿಕೊಂಡ ವರ್ಷ ನಾನು ಅರ್ಧಕ್ಕೇ ಬಿಟ್ಟು ಊರಿಗೆ ಬಂದೆ. ಹರಳಿನ ಗೂಡಿನ ಮುಂದೆ ನಿಂತಾಗ ವೆಂಕಟನ ಮೇಲೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ನನ್ನ ಕೆಲಸ ಉಪ್ಪು ಬೆರೆಸುವುದು. ಅಂದರೆ ವಿದ್ಯಾರ್ಥಿಗಳ ಕಣ್ಣು ಚುರುಕಾಗಿದೆಯೇ ಎಂದು ಪರೀಕ್ಷಿಸಲು ಹರಳಿನ ದಾಖಲೆಯಲ್ಲಿ ಗುಟ್ಟಾಗಿ ಒಂದು ಸುಳ್ಳು ಏರು ಸೇರಿಸಿ, ಅದರ ವೇಳೆಯನ್ನು ಚೀಟಿಯಲ್ಲಿ ಬರೆದು ಲಕೋಟೆಗೆ ಹಾಕುವುದು. ಉಪ್ಪು ಇದ್ದರೂ ಇರಬಹುದು ಎಂಬುದಷ್ಟೇ ವಿದ್ಯಾರ್ಥಿಗಳಿಗೆ ಗೊತ್ತು. ಶನಿವಾರ ಲಕೋಟೆ ಒಡೆಯುವವರೆಗೆ ಬಾಯಿ ಬಿಡುವಂತಿಲ್ಲ.

"ನಾ ಹಾಕಿದ್ರ ನನ್ನ ಮಾರಿ ನೋಡೇ ಹಿಡದುಬಿಡ್ತಾರಲೇ," ಎಂದ ವೆಂಕಟ. ಅಂದೇ ಸಂಜೆ ಆ ದಿನದ ದಾಖಲೆಗೆ ಬೆರೆಸಿದೆ. ವೇಳೆ: ಸೋಮವಾರ ಮಧ್ಯಾಹ್ನ ಎರಡು ಹದಿನೇಳು.

ಆ ವಿದ್ಯಾರ್ಥಿಗಳಲ್ಲಿ ಹುಲಿಗೆಮ್ಮ ನನ್ನ ಹಳೆಯ ಶಿಷ್ಯೆ, ಲಿಂಗಸುಗೂರಿನವಳು. ಗುರುವಾರ ಅವಳ ಜೊತೆ ಹತ್ತಿರದ ಕಟ್ಟಡದ ಜಾಗಕ್ಕೆ ಹೋದೆ. ಹೊಸ ಕಂಪನಿಗಾಗಿ ಅಲ್ಲಿ ಬಂಡೆ ಸಿಡಿಸುವವರು ನಮ್ಮ ದೇವದುರ್ಗದ ಕಡೆಯವರು. ನೆಲ ನಡುಗಿದರೂ ಹರಳಿನಲ್ಲಿ ಏರು ಮೂಡುತ್ತದೆ. ಹಾಗಾಗಿ ಅವಳು ದಿನಾ ಸಿಡಿಸುವ ವೇಳೆ ಕೇಳಿ ಬರೆದುಕೊಂಡು, ಆ ಏರುಗಳನ್ನು ಹೊಡೆದುಹಾಕುತ್ತಾಳೆ.

"ಇವತ್ತ ಮೂರಕ್ಕ ಒಂದು, ಐದಕ್ಕ ಒಂದು ನೋಡವ್ವಾ," ಎಂದ ಮೇಸ್ತ್ರಿ.

ವಾಪಸು ಬರುವಾಗ ಚಹಾದಂಗಡಿಯಲ್ಲಿ ಹುಲಿಗೆಮ್ಮ ಮೆಲ್ಲಗೆ ಹೇಳಿದಳು. "ಸರ್, ಒಂದು ಸಿಕ್ಕೈತ್ರಿ. ಸೋಮವಾರ ಎರಡು ಹದಿನೇಳಕ್ಕ. ಬಂಡೆ ಸಿಡಿಸಿದ್ದಲ್ಲ, ಲಿಫ್ಟಿಂದೂ ಅಲ್ಲ."

ಚಹಾದ ಲೋಟ ಕೆಳಗಿಟ್ಟೆ.

"ಸಾಫ್ಟ್‌ವೇರ್ ಕಂಪನಿಯವರು ನೌಕರಿ ಕೊಟ್ಟಾರ್ರಿ. ಹೂಂ ಅನ್ನಾಕ ಇವತ್ತ ಕಡೀ ದಿನ. ಎರಡು ವರ್ಷ ಏನೂ ಸಿಗಲಿಲ್ಲ, ಬಿಟ್ಟುಬಿಡೋಣ ಅಂತಿದ್ದೆ. ಈಗ ಹೆಂಗ ಬಿಡ್ಲಿ?"

"ಉಪ್ಪಿದ್ರ?"

"ಇರಬೌದ್ರಿ," ಎಂದು ನಕ್ಕು, ಮೊಬೈಲ್ ತೆಗೆದು, ಅಲ್ಲೇ ನಿಂತು ಬರುವುದಿಲ್ಲ ಎಂದು ಹೇಳಿಬಿಟ್ಟಳು. ನಾನು ತಡೆಯಲಿಲ್ಲ. ನಿಯಮಕ್ಕೆ ಹೆದರಿ ಅಲ್ಲ. ನಾನು ಬಿಟ್ಟುಬಂದದ್ದನ್ನು ಅವಳಾದರೂ ಬಿಡದಿರಲಿ ಎಂಬ ಆಸೆ ನನ್ನ ಬಾಯಿ ಕಟ್ಟಿತ್ತು. ಎರಡು ರಾತ್ರಿ ಅತಿಥಿಗೃಹದ ಊಟ ರುಚಿಸಲಿಲ್ಲ.

ಶನಿವಾರ ವೆಂಕಟ ಲಕೋಟೆ ಒಡೆದು ವೇಳೆ ಓದಿದ. ಎಲ್ಲರೂ ನಕ್ಕರು. ಉಪ್ಪು ಹಿಡಿದವರಿಗೆ ಮೊದಲ ಉಸ್ಮಾನಿಯಾ ಬಿಸ್ಕತ್ತು ಕೊಡುವುದು ಅಲ್ಲಿಯ ವಾಡಿಕೆ. ಹುಲಿಗೆಮ್ಮ ಅದನ್ನು ಕೈಯಲ್ಲೇ ಹಿಡಿದು ನಿಂತಿದ್ದಳು, ತಿನ್ನಲಿಲ್ಲ.

ಬಸ್ ಸ್ಟಾಪಿನವರೆಗೆ ನನ್ನ ಚೀಲ ಅವಳೇ ಹೊತ್ತು ತಂದಳು.

"ನಂದ ತಪ್ಪವ್ವಾ. ಅವತ್ತ ಹೇಳಬೇಕಿತ್ತು. ಕಂಪನಿಯವರಿಗೆ ಇನ್ನೊಮ್ಮೆ ಫೋನ್ ಮಾಡಿ ಕೇಳು," ಎಂದೆ.

ಅವಳ ಕಣ್ಣುಗಳು ತುಂಬಿದ್ದವು. ಆಮೇಲೆ ಬಿಸ್ಕತ್ತು ಮುರಿದು ಅರ್ಧ ನನಗೆ ಕೊಟ್ಟಳು. "ಸುಳ್ಳು ಬಂದಾಗ ಹಿಡದೇನ್ರಿ ಸರ್. ಖರೇದು ಬಂದ್ರ ಬಿಡ್ತೀನೇನ್ರಿ?"

ಬಸ್ಸು ಹೊರಟಿತು. ದೂರದಲ್ಲಿ ಬಂಡೆ ಸಿಡಿದು ಕಿಟಕಿಯ ಗಾಜು ಅದುರಿತು. ಹಿಂದಿರುಗಿ ನೋಡಿದರೆ, ಹುಲಿಗೆಮ್ಮ ನನಗೆ ಕೈ ಬೀಸುವುದನ್ನು ಬಿಟ್ಟು ಗಡಿಯಾರ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು.

ನಾನೂ ನನ್ನ ಗಡಿಯಾರ ನೋಡಿದೆ. ನಾಲ್ಕು ಗಂಟೆ ಆರು ನಿಮಿಷ. ಟಿಕೆಟಿನ ಹಿಂದೆ ಬರೆದಿಟ್ಟುಕೊಂಡೆ.