ಹೆಲ್ಗಾ ಅಜ್ಜಿಯ ಗೋರಿಯ ಪಕ್ಕ ಗ್ವಾಟೆಮಾಲಾದ ಊಟ

ಹಳದಿ-ಕೆಂಪು ರೇಷ್ಮೆ ಸೀರೆ ಉಟ್ಟು, ಧಾರವಾಡ ಪೇಢೆಯ ಡಬ್ಬಿ ಹಿಡಿದು ಸ್ಮಶಾನಕ್ಕೆ ಹೋದವರನ್ನು ನೀವು ನೋಡಿದ್ದೀರಾ? ಇಲ್ಲವಾದರೆ ಮೊನ್ನೆ ನವೆಂಬರ್ ಒಂದರಂದು ಜರ್ಮನಿಯ ಕಲೋನ್‌ಗೆ ಬರಬೇಕಿತ್ತು.

ತಪ್ಪು ನನ್ನದೇ. ಕೆಳಗಿನ ಮನೆಯ ಮಾರ್ತಾ, "ನಾಳೆ ನಮ್ಮಣ್ಣನ ಹೆಸರಲ್ಲಿ ಊಟ, ಬಾ" ಅಂದಳು. ಬರ್ತ್‌ಡೇ ಇರಬೇಕು ಅಂದುಕೊಂಡೆ. (ಊಟ ಅಂದ ಮೇಲೆ ಪೂರ್ತಿ ವಿಚಾರಿಸುವ ಅಭ್ಯಾಸ ನಮ್ಮ ಮನೆತನದಲ್ಲೇ ಇಲ್ಲ.) ಸಂಜೆ ಹೇಗೂ ಕನ್ನಡ ಸಂಘದ ರಾಜ್ಯೋತ್ಸವ, ಎರಡಕ್ಕೂ ಒಂದೇ ಸೀರೆ ಆಯಿತಲ್ಲ!

ಅವಳ ಜೊತೆ ಬಸ್ ಇಳಿದರೆ ಎದುರಿಗೆ ಸ್ಮಶಾನದ ಗೇಟು. ಜರ್ಮನರು ತೀರಿಕೊಂಡವರನ್ನು ನೆನೆಯುವ ರಜಾದಿನ ಅದು. ಗೋರಿ ಗೋರಿಗೂ ಕೆಂಪು ದೀಪ. ಕಪ್ಪು ಕೋಟಿನ ಜನ ತುಟಿ ಬಿಚ್ಚದೆ ಓಡಾಡುತ್ತಿದ್ದರು. ನಡುವೆ ಕನ್ನಡ ಬಾವುಟದಂತೆ ನಾನು.

ಮಾರ್ತಾ ಒಂದು ಹಳೆಯ ಗೋರಿಯ ಪಕ್ಕ ಚಾಪೆ ಹಾಸಿ ಡಬ್ಬಿಗಳನ್ನು ಬಿಚ್ಚಿದಳು.

"ಅಣ್ಣ ಎಲ್ಲಿ?" ಎಂದು ಕೇಳಿಯೇಬಿಟ್ಟೆ.

"ಅದೇ ಗೊತ್ತಿಲ್ಲ" ಅಂದಳು.

ಮಾರ್ತಾ ಗ್ವಾಟೆಮಾಲಾದವಳು. (ಮೆಕ್ಸಿಕೋದ ಕೆಳಗಿದೆ. ನಾನೂ ಮ್ಯಾಪ್ ನೋಡಿಯೇ ತಿಳಿದದ್ದು.) ಅವಳ ಅಜ್ಜ ಅಲ್ಲಿ ಒಬ್ಬ ಜರ್ಮನ್ ದೊರೆಯ ಎಸ್ಟೇಟಿನಲ್ಲಿ ಕಾಫಿ ಬಿಡಿಸುತ್ತಿದ್ದನಂತೆ. ಮೊಮ್ಮಗಳು ಇಲ್ಲಿ ವೃದ್ಧಾಶ್ರಮದಲ್ಲಿ ಜರ್ಮನ್ ಅಜ್ಜಿಯರ ತಲೆ ಬಾಚುತ್ತಾಳೆ.

ಅವಳ ದೇಶದಲ್ಲಿ ಮೂರೂವರೆ ದಶಕ ಅಂತರ್ಯುದ್ಧ ನಡೆಯಿತು. ಹೆಚ್ಚು ಸತ್ತವರು ಅವಳಂಥ ಮಾಯಾ ಜನ. ಮಾರ್ತಾಳಿಗೆ ಆರು ವರ್ಷವಿದ್ದಾಗ ಸೈನಿಕರು ಅಣ್ಣ ತೋಮಾಸ್‌ನನ್ನು ಜೋಳದ ಹೊಲದಿಂದಲೇ ಎಳೆದೊಯ್ದರು. ಮತ್ತೆ ಬರಲಿಲ್ಲ. ಇವತ್ತಿಗೂ ಅಲ್ಲಿ ಗುಂಡಿಗಳನ್ನು ಅಗೆದು, ಸಿಕ್ಕ ಮೂಳೆ ಯಾರ ಮನೆಯವರದು ಎಂದು ಡಿಎನ್‌ಎ ತಾಳೆ ನೋಡುತ್ತಾರೆ. ಮಾರ್ತಾಳೂ ಎಂಜಲು ಕೊಟ್ಟು ಬಂದಿದ್ದಾಳೆ. ಉತ್ತರ ಬಂದಿಲ್ಲ.

ನವೆಂಬರ್ ಒಂದು ಬಂತೆಂದರೆ ಅಲ್ಲಿ ಗೋರಿಗಳಿಗೆ ಚೆಂಡುಹೂವಿನ ಅಲಂಕಾರ, ಆಕಾಶದ ತುಂಬ ಗಾಳಿಪಟ. ಮನೆಮಂದಿಯೆಲ್ಲ ಅಲ್ಲೇ ಕೂತು ಉಣ್ಣುತ್ತಾರೆ. ಊಟ ಎಂದರೆ ಫಿಯಾಂಬ್ರೆ: ತರಕಾರಿ, ಚೀಸ್, ಮಾಂಸ ಎಲ್ಲ ಬೆರೆಸಿದ ತಣ್ಣನೆಯ ಕೋಸಂಬರಿ. (ನನಗಾಗಿ ಮಾಂಸವಿಲ್ಲದ ಡಬ್ಬಿ ಬೇರೆ ಇತ್ತು.) ಗೋರಿಯೇ ಇಲ್ಲದ ಮಗನ ತಾಯಿ ಎಲ್ಲಿ ಕೂರಬೇಕು?

"ಅಮ್ಮ ಪ್ರತಿ ವರ್ಷ ಯಾರೂ ಬಾರದ ಒಂದು ಗೋರಿ ಹುಡುಕಿ ಕೂರ್ತಿದ್ದಳು. ನಾನು ಯಾರದೋ ಮಗನ ಹತ್ತಿರ ಕೂತರೆ, ನನ್ನ ಮಗನ ಹತ್ತಿರ ಯಾರಾದರೂ ಕೂರ್ತಾರೆ ಅಂತಿದ್ದಳು" ಎಂದಳು ಮಾರ್ತಾ.

ಸುಳ್ಳೇಕೆ, ನಾನು ಅತ್ತುಬಿಟ್ಟೆ.

ಆ ಗೋರಿ ಹೆಲ್ಗಾ ಅಜ್ಜಿಯದು. ಮಾರ್ತಾ ಜರ್ಮನಿಗೆ ಬಂದ ಹೊಸದರಲ್ಲಿ ನೋಡಿಕೊಂಡ ಮೊದಲ ಅಜ್ಜಿ. ಹಿಂದೆ ಮುಂದೆ ಯಾರೂ ಇಲ್ಲ. ತಾಯಿಯಂತೆಯೇ ಮಗಳು, ಅಜ್ಜಿ ತೀರಿಕೊಂಡಾಗಿನಿಂದ ಪ್ರತಿ ವರ್ಷ ಇಲ್ಲೇ ಕೂರುತ್ತಾಳೆ. ಈ ಸಲ ಕಲ್ಲಿನ ಮೇಲೊಂದು ಹಳದಿ ಸ್ಟಿಕರ್: ‘ದಯವಿಟ್ಟು ಕಚೇರಿಯನ್ನು ಸಂಪರ್ಕಿಸಿ.’ ಇಲ್ಲಿ ಸಮಾಧಿಗೂ ಅವಧಿ ಇದೆ. ಅದು ಮುಗಿದ ಮೇಲೆ ಕೇಳುವವರಿಲ್ಲದಿದ್ದರೆ ಕಲ್ಲು ಕೀಳುತ್ತಾರೆ.

"ನಾನು ಹೋಗಿ ಏನಂತ ಕೇಳಲಿ? ಸಂಬಂಧಿಕಳಲ್ಲ" ಎಂದಳು. "ನಾನು ಕೇಳ್ತೀನಿ" ಅಂದೆ. ಹುಬ್ಬಳ್ಳಿಯ ಬಾಯಿ ಇಂಥದ್ದಕ್ಕಲ್ಲದೆ ಇನ್ಯಾವುದಕ್ಕೆ?

ಮನೆಗೆ ಬಂದು ವಿಷಯ ಹೇಳಿದ್ದೇ ತಡ, ನಮ್ಮ ಯಜಮಾನರು ಬಾಗಿಲಲ್ಲೇ ತಡೆದರು. "ಸ್ಮಶಾನದಾಗ ಉಂಡು ಬಂದೀಯೇನ? ಜಳಕಾ ಮಾಡಿ ಒಳಗ ಬಾ."

"ಹೊರಗ ಜಳಕಾ ಮಾಡಾಕ ಇದೇನ್ ಹಿತ್ತಲಾ? ಮೂರನೇ ಫ್ಲೋರ್ ಐತ್ರೀ!"

ಎಲ್ಲ ಕೇಳಿದ ಮೇಲೆ, ಪಿತೃಪಕ್ಷದಲ್ಲಿ ತಮ್ಮಪ್ಪನಿಗೆ ಎಡೆ ಇಟ್ಟಾಗ ಕೂರುವ ಹಾಗೆ ಕೂತರು. "ನಾಳೆ ಅಲ್ಲ, ಸೋಮವಾರ ಆಫೀಸ್ ತೆಗಿಯೂದು. ಮರೀಬ್ಯಾಡ" ಎಂದರು.

ಮರೆಯಲಿಲ್ಲ, ಫೋನ್ ಮಾಡಿದೆ. ಆ ಕಡೆಯ ಹೆಂಗಸು ಒಳ್ಳೆಯವಳೇ, ಅರ್ಜಿ ಕಳಿಸಿದ್ದಾಳೆ. ಎಲ್ಲ ತುಂಬಿದ್ದೇನೆ, ಒಂದು ಕಾಲಂ ಬಿಟ್ಟು: ‘ಮೃತರಿಗೆ ನೀವು ಏನಾಗಬೇಕು?’

ಅವರಲ್ಲಿ ಉಂಡು ಬಂದವಳು ಅಂತ ಬರೆದರೆ ಸಾಕಾಗುವುದಿಲ್ಲವೇ?